ಅಂಗಡಿ ಮುಂದಿನ ಜಾಗ ಯಾರದ್ದು?

ಕಳೆದ ಮುಂಗಾರಿನಲ್ಲಿ ಬಿತ್ತನೆಗೆ ಅಂತ ನಾಲ್ಕು ದಿನ ರಜೆ ಹಾಕಿ ಬೆಂಗಳೂರಿನಿಂದ ಚಿಕ್ಕನರಗುಂದಕ್ಕೆ ಹೋಗಿದ್ದೆ. ಹೆಸರು ಬೀಜ, ಗೊಬ್ಬರ ತರೋಕೆ ಅಪ್ಪನ ಜೊತೆ ಟ್ರ್ಯಾಕ್ಟರ್ ಹತ್ತಿ ನರಗುಂದಕ್ಕೆ ಹೊರಟೆ. ಅಲ್ಲಿ ಸೋದರಮಾವನ ಬೀಜ-ಗೊಬ್ಬರದ ಅಂಗಡಿ ಇರೋದು ಒಂದು ಕ್ರಾಸ್‌ನ ಮೂಲೆಯಲ್ಲಿ. ಟ್ರೇಲರ್ ಸಮೇತ ಅಂಗಡಿ ಮುಂದೆಯೇ ನಿಲ್ಲಿಸಿದೆವು. "ಐದ ನಿಮಿಷ, ಬಂದ್ಬಿಡ್ತೀವಿ" ಅಂದರು ಅಪ್ಪ.

ಆ ಐದು ನಿಮಿಷ ಇಪ್ಪತ್ತಾಯಿತು. ತಿರುಗಬೇಕಿದ್ದ ಬಸ್ಸು ನಮ್ಮ ಟ್ರೇಲರ್ ದಾಟಲಾಗದೆ ಅಡ್ಡಡ್ಡ ನಿಂತಿತು. ಅದರ ಹಿಂದೆ ಲಾರಿ, ಟಂಟಂ, ಬೈಕುಗಳ ಸಾಲು. ಸಾಲಿನ ಕೊನೆಯಿಂದ ಸೈರನ್ ಕೇಳಿಸಿತು. 108. ಅಪ್ಪ ಗೊಬ್ಬರದ ಚೀಲ ಅಲ್ಲೇ ಬಿಟ್ಟು ಓಡಿ ಬಂದು ಟ್ರ್ಯಾಕ್ಟರ್ ಮುಂದೆ ತೆಗೆದರು. ಬಸ್ಸು ಸರಿಯಿತು, ಆಂಬುಲೆನ್ಸ್ ಹೋಯಿತು. ಒಳಗೆ ಯಾರಿದ್ದರೋ ಗೊತ್ತಿಲ್ಲ. ಬೆಂಗಳೂರಿನಲ್ಲಿ ದಿನಾ ಟ್ರಾಫಿಕ್‌ಗೆ ಬೈಯುವ ನಾನು, ಅವತ್ತು ಟ್ರಾಫಿಕ್ ಜಾಮ್‌ಗೆ ನಾವೇ ಕಾರಣ ಅನ್ನೋದನ್ನ ನೋಡುತ್ತಾ ನಿಂತಿದ್ದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಇದೇ ಮಾತು. ಕ್ರಾಸ್ ಹತ್ತಿರ ನೋ ಪಾರ್ಕಿಂಗ್ ಬೋರ್ಡ್ ಹಾಕ್ತಾರಂತೆ ಅನ್ನೋ ಸುದ್ದಿ ಮಾವನ ಕಿವಿಗೆ ಬಿದ್ದಿತ್ತು. "ಬೋರ್ಡ್ ಹಾಕಿದ್ರ ಗಿರಾಕಿ ಎಲ್ಲಿ ನಿಲ್ಲಬೇಕಲೇ? ಐವತ್ತು ಕೆಜಿ ಚೀಲ ಹೊತ್ತಕೊಂಡು ಊರ ಹೊರಗ ನಡೀಬೇಕೇನು? ಎಂಜಿನಿಯರ್ ಅದೀಯಲ್ಲ, ಹೇಳು" ಅಂದರು. ಅವರ ಪ್ರಶ್ನೆ ತಪ್ಪಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಮೊಬೈಲ್ ಹಿಡಿದು ಹುಡುಕುತ್ತಾ ಕೂತೆ.

ಒಂದೇ ಕಾರು ಎಷ್ಟು ತಿನ್ನುತ್ತೆ?

ಬ್ರಿಟನ್ನಿನಲ್ಲಿ ವೆಬ್‌ಸ್ಟರ್ ಮತ್ತು ಕಾಬ್ ಅನ್ನೋ ಇಬ್ಬರು 1966ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ. ಸಿಗ್ನಲ್‌ನ ಸ್ಟಾಪ್ ಲೈನ್‌ನಿಂದ ಸುಮಾರು 7.6 ಮೀಟರ್ ಹಿಂದೆ ಒಂದು ಕಾರು ನಿಂತರೆ, ರಸ್ತೆಯ ಅಗಲದಲ್ಲಿ 1.68 ಮೀಟರ್ ಇಲ್ಲದಂತೆಯೇ. 7 ಮೀಟರ್ ಅಗಲದ ರಸ್ತೆಯಲ್ಲಿ ಅದು ಹೆಚ್ಚುಕಡಿಮೆ ಕಾಲು ಭಾಗ! ಲಾರಿ ನಿಂತರೆ ನಷ್ಟ ಅದರ ಒಂದೂವರೆ ಪಟ್ಟು.

ಕಾರು ಹಿಂದಕ್ಕೆ ಹೋದಷ್ಟೂ ನಷ್ಟ ಕಡಿಮೆ. 30 ಸೆಕೆಂಡ್ ಹಸಿರು ದೀಪ ಅಂದುಕೊಳ್ಳಿ. ಕಾರು 25 ಮೀಟರ್ ಹಿಂದಿದ್ದರೆ ನಷ್ಟ 1.16 ಮೀಟರ್. 50 ಮೀಟರ್ ಹಿಂದಿದ್ದರೆ 0.41. ಸುಮಾರು 64 ಮೀಟರ್ ದಾಟಿದರೆ ಸೊನ್ನೆ.

ಯಾಕೆ ಹೀಗೆ? ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕಂದ್ರೆ, ಸ್ಟಾಪ್ ಲೈನ್ ಮತ್ತು ನಿಂತ ಕಾರಿನ ನಡುವಿನ ಜಾಗ ಒಂದು ಬಫರ್. ಕೆಂಪು ದೀಪ ಇರುವಾಗ ಅಲ್ಲಿ ಪೂರ್ತಿ ಅಗಲಕ್ಕೆ ವಾಹನ ತುಂಬಿಕೊಳ್ಳುತ್ತವೆ. ಹಸಿರು ಬಂದ ತಕ್ಷಣ ಅಷ್ಟೂ ಒಟ್ಟಿಗೆ ಹೊರಡುತ್ತವೆ. ಬಫರ್ ದೊಡ್ಡದಿದ್ದರೆ ಅದು ಖಾಲಿಯಾಗುವಷ್ಟರಲ್ಲಿ ಹಸಿರೇ ಮುಗಿದಿರುತ್ತೆ, ಹಿಂದಿನ ಕಾರು ಯಾರಿಗೂ ತೊಂದರೆ ಕೊಡೋದಿಲ್ಲ. ಬಫರ್ ಚಿಕ್ಕದಿದ್ದರೆ ಎಲ್ಲರೂ ಸಂದಿಯಲ್ಲಿ ಒಬ್ಬೊಬ್ಬರಾಗಿ ನುಸುಳಬೇಕು. ಕಾಲುವೆ ಎಷ್ಟೇ ಅಗಲ ಇರಲಿ, ತೂಬಿನ ಬಾಯಿ ಕಟ್ಟಿದರೆ ಹೊಲಕ್ಕೆ ನೀರು ಬರಲ್ಲ. ನಮ್ಮ ಕಡೆ ರೈತರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ.

ಮಾವನ ಕ್ರಾಸ್‌ನಲ್ಲಿ ಸಿಗ್ನಲ್ ಇಲ್ಲ ನಿಜ. ಬ್ರಿಟನ್ನಿನ ಲೆಕ್ಕದಲ್ಲಿ ಟ್ರ್ಯಾಕ್ಟರ್, ಟಂಟಂ ಕೂಡ ಇಲ್ಲ. ಅಂಕಿ ಬದಲಾಗಬಹುದು, ತತ್ವ ಬದಲಾಗಲ್ಲ: ಮೂಲೆಗೆ ಹತ್ತಿರ ನಿಂತ ವಾಹನವೇ ಅತಿ ದುಬಾರಿ. ಮೇಲಾಗಿ ಮೂಲೆಯಲ್ಲಿ ನಿಂತ ಟ್ರೇಲರ್‌ನ ಮರೆಯಿಂದ ರಸ್ತೆ ದಾಟುವ ಮಗು ಬೈಕ್‌ನವನಿಗೆ ಕಾಣೋದೇ ಇಲ್ಲ.

ನಮ್ಮ ಕಾನೂನೂ ಇದನ್ನೇ ಹೇಳುತ್ತೆ. 2017ರ ಮೋಟಾರು ವಾಹನ (ಚಾಲನೆ) ನಿಯಮಾವಳಿ ಪ್ರಕಾರ ಜಂಕ್ಷನ್‌ನ ಅಂಚಿನಿಂದ 50 ಮೀಟರ್ ಒಳಗೆ ಪಾರ್ಕಿಂಗ್ ಮಾಡುವಂತಿಲ್ಲ. ಬೋರ್ಡ್ ಇರಲಿ, ಬಿಡಲಿ. ಅಂದರೆ ಮಾವ ಹೆದರಿದ್ದ ನಿಯಮ ಎಷ್ಟೋ ವರ್ಷದಿಂದ ಜಾರಿಯಲ್ಲೇ ಇದೆ!

ಹಾಗಾದರೆ ಗಿರಾಕಿ?

ಮರುದಿನ ಬೆಳಿಗ್ಗೆ ಅಂಗಡಿ ಕಟ್ಟೆ ಮೇಲೆ ಚಹಾ ಹಿಡಿದು ಕೂತೆ. ಯಾವ ವಾಹನ ಯಾರದ್ದು, ಎಷ್ಟು ಹೊತ್ತು ನಿಲ್ಲುತ್ತೆ ಅಂತ ಬರೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ವಿಷಯ ಗೊತ್ತಾಯಿತು. ಬೆಳಿಗ್ಗೆಯಿಂದ ಅಲ್ಲಾಡದೆ ನಿಂತಿದ್ದ ಬೈಕುಗಳಲ್ಲಿ ಒಂದು ಮಾವನದ್ದು, ಇನ್ನೊಂದು ಅಂಗಡಿ ಹುಡುಗನದ್ದು, ಉಳಿದವು ಅಕ್ಕಪಕ್ಕದ ಅಂಗಡಿಯವರದ್ದು. ಗಿರಾಕಿಗಳು ಜಾಗ ಸಿಗದೆ ರಸ್ತೆ ಮಧ್ಯಕ್ಕೆ ನಿಲ್ಲಿಸಿ ಬರುತ್ತಿದ್ದರು.

ಸುಲಭ ಲೆಕ್ಕ ನೋಡಿ. ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಒಂದೇ ವಾಹನ ನಿಂತರೆ ಆ ಜಾಗ ಒಬ್ಬರಿಗೆ. ಅರ್ಧ ಗಂಟೆಗೊಂದು ಬದಲಾದರೆ 20 ಗಿರಾಕಿಗಳಿಗೆ. ಅಮೆರಿಕದ ಡೊನಾಲ್ಡ್ ಶೂಪ್ 2005ರಲ್ಲಿ ಬರೆದ ಪಾರ್ಕಿಂಗ್ ಕುರಿತ ಪುಸ್ತಕದ ಸಾರವೂ ಇದೇ: ರಸ್ತೆ ಬದಿಯ ಜಾಗದಲ್ಲಿ ಶೇ. 15ರಷ್ಟು ಸದಾ ಖಾಲಿ ಸಿಗುವಂತಿರಬೇಕು, ಪುಕ್ಕಟೆ ಬಿಟ್ಟರೆ ಅದು ಆಗೋದಿಲ್ಲ. ಬೆಂಗಳೂರಿಗೆ ಸರ್ಕಾರ 2021ರಲ್ಲಿ ಒಪ್ಪಿದ ಪಾರ್ಕಿಂಗ್ ನೀತಿ 2.0 ಕೂಡ ಪುಕ್ಕಟೆ ಪಾರ್ಕಿಂಗ್‌ನಿಂದ ಹೊರಬರುವ ದಾರಿಯನ್ನೇ ಹೇಳುತ್ತೆ.

ನರಗುಂದದಂಥ ಊರಿಗೆ ದುಡ್ಡು ವಸೂಲಿ ಬೇಡ ಅಂತಲೇ ಇಟ್ಟುಕೊಳ್ಳಿ. ಮೂರು ಕೆಲಸ ಸಾಕು. ಒಂದು, ಮೂಲೆಯಿಂದ ನಿಯಮದಷ್ಟು ದೂರ ಗೆರೆ ಎಳೆದು ಪೂರ್ತಿ ಖಾಲಿ ಬಿಡೋದು. ಎರಡು, ಗೆರೆ ದಾಟಿದ ಮೇಲೆ ಅರ್ಧ ಗಂಟೆಯ ಜಾಗ, ಅದು ಗಿರಾಕಿಗಳಿಗೆ ಮಾತ್ರ. ಮೂರು, ಟ್ರ್ಯಾಕ್ಟರ್ ಮತ್ತು ಲಾರಿಗೆ ಲೋಡಿಂಗ್ ಜಾಗ ಬೇರೆ, ಅಲ್ಲಿಂದ ಅಂಗಡಿಗೆ ಒಂದು ತಳ್ಳುಗಾಡಿ. ಮೂರನೆಯದನ್ನ ಬಿಟ್ಟು ಮೊದಲನೆಯದನ್ನ ಮಾತ್ರ ಮಾಡಿದರೆ ಮಾವನ ಸಿಟ್ಟು ನ್ಯಾಯವೇ. ಚೀಲ ಹೊರೋನು ರೈತ, ಬೋರ್ಡ್ ಹಾಕೋರಲ್ಲ.

ಮಾವ ಸುಮ್ಮನೆ ಕೇಳಿಸಿಕೊಂಡರು. ಒಂದು ಮಾತೂ ಆಡಲಿಲ್ಲ. ಸಂಜೆ ನೋಡಿದರೆ ಅವರ ಬೈಕು ಹಿಂದಿನ ಓಣಿಯಲ್ಲಿತ್ತು.

ಬೆಂಗಳೂರಿಗೆ ಬಂದ ಎರಡು ವಾರಕ್ಕೆ ಫೋನ್ ಮಾಡಿದರು. "ನಿನ್ನ ಮಾತ ಕೇಳಿ ಜಾಗ ಖಾಲಿ ಮಾಡಿದ್ನಿ. ಈಗ ಅಲ್ಲಿ ಯಾವನೋ ದಿನಾ ಕಾರ್ ನಿಲ್ಲಿಸಿ ಹುಬ್ಬಳ್ಳಿ ಬಸ್ ಹತ್ತತಾನ!" ನಗು ಬಂತು, ಆದರೆ ಅವರು ಹೇಳಿದ್ದು ನಿಜ. ಒಬ್ಬರ ಒಳ್ಳೆತನ ಬಿಟ್ಟುಕೊಟ್ಟ ಜಾಗವನ್ನ ಇನ್ನೊಬ್ಬರು ಹಿಡಿಯುತ್ತಾರೆ. ಅದಕ್ಕೇ ಗೆರೆ ಬೇಕು, ಬೋರ್ಡ್ ಬೇಕು, ಕಾಯೋರು ಬೇಕು. ಮೋಟಾರು ವಾಹನ ಕಾಯ್ದೆಯ 117ನೇ ಕಲಂನಡಿ ಸ್ಥಳೀಯ ಸಂಸ್ಥೆಯ ಜೊತೆ ಚರ್ಚಿಸಿ ಪಾರ್ಕಿಂಗ್ ಜಾಗ ಗುರುತಿಸೋ ಅಧಿಕಾರ ಸರ್ಕಾರಕ್ಕಿದೆ. ಹಾಗಾಗಿ ಪುರಸಭೆಗೆ ಅರ್ಜಿ ಕೊಡೋಣ ಅಂದೆ. ನೋ ಪಾರ್ಕಿಂಗ್ ಬೇಡ ಅಂತಲ್ಲ, ಲೋಡಿಂಗ್ ಜಾಗದ ಸಮೇತ ಬೇಕು ಅಂತ.

"ಬರದು ಕಳಸು, ಸೈನ್ ಮಾಡತೀನಿ. ಬಾಜೂಕಿನವ್ರದೂ ಮಾಡಸ್ತೀನಿ" ಅಂದರು.

ಅರ್ಜಿ ಬರೆದು ಕಳಿಸಿದ್ದೇನೆ. ಮೊದಲ ಸಾಲಿನಲ್ಲಿ ಆ ಆಂಬುಲೆನ್ಸ್ ಇದೆ, ಎರಡನೆಯದರಲ್ಲಿ ನಮ್ಮ ಟ್ರ್ಯಾಕ್ಟರ್.