ಚಳಿನಾಡುಗಳಲ್ಲಿ ಆರ್ಕಿಡ್‌ಗಳ ಒಳಾಂಗಣ ಕೃಷಿ

ಆರ್ಕಿಡ್‌ಗಳ ಒಳಾಂಗಣ ಕೃಷಿ ಎಂದರೆ ಆರ್ಕಿಡೇಸಿ ಕುಟುಂಬದ ಸಸ್ಯಗಳನ್ನು ವಾಸದ ಮನೆಯೊಳಗೆ, ಕಿಟಕಿಯ ಬಳಿ ಅಥವಾ ಕೃತಕ ದೀಪದ ಕೆಳಗೆ, ಕುಂಡಗಳಲ್ಲಿ ಬೆಳೆಸುವ ಪದ್ಧತಿ. ಬ್ರಿಟನ್, ಉತ್ತರ ಯುರೋಪ್, ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಂತಹ ಕಡು ಚಳಿಯ ಪ್ರದೇಶಗಳಲ್ಲಿ ಇದು ಬಹು ಜನಪ್ರಿಯ ಹವ್ಯಾಸವಾಗಿದೆ. ಸುಮಾರು 28,000 ಪ್ರಭೇದಗಳುಳ್ಳ ಈ ಕುಟುಂಬವು ಸಪುಷ್ಪ ಸಸ್ಯಗಳ ಅತಿ ದೊಡ್ಡ ಕುಟುಂಬಗಳಲ್ಲಿ ಒಂದು. ಮಲೆನಾಡಿನ ಮರಗಳ ಮೇಲೆ ಕಾಣುವ ಸೀತಾಳೆ ಹೂವೂ ಇದಕ್ಕೇ ಸೇರಿದ್ದು.

ಮನೆಯೊಳಗಿನ ಆರ್ಕಿಡ್‌ಗಳು ಚಳಿಗಾಲದಲ್ಲಿ ಸಾಯಲು ಚಳಿಯೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇದು ಅರ್ಧ ಸತ್ಯ ಮಾತ್ರ. ಬೆಳಕಿನ ಕೊರತೆ, ಕಾಯಿಸಿದ ಕೋಣೆಯ ಒಣಗಾಳಿ ಮತ್ತು ಸದಾ ಒದ್ದೆಯಾಗಿರುವ ಬೇರು, ಈ ಮೂರೂ ಕೂಡಿದಾಗಲೇ ಹೆಚ್ಚಿನ ಗಿಡಗಳು ನಾಶವಾಗುತ್ತವೆ. ರಾತ್ರಿಯ ಹಿತಮಿತವಾದ ತಂಪು ಹಲವು ಜಾತಿಗಳಿಗೆ ಹಾನಿಕರವಲ್ಲ. ಅದಿಲ್ಲದೆ ಅವು ಹೂ ಬಿಡುವುದೇ ಇಲ್ಲ.

ಸಸ್ಯದ ಸ್ವಭಾವ

ಮನೆಗಳಲ್ಲಿ ಬೆಳೆಸುವ ಆರ್ಕಿಡ್‌ಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಮರದ ತೊಗಟೆಗೆ ಅಂಟಿಕೊಂಡು ಬೆಳೆಯುವಂಥವು. ಆದರೆ ಅವು ಬಂದಳಿಕೆಯಂತೆ ಮರದ ರಸವನ್ನು ಹೀರುವ ಪರಾವಲಂಬಿಗಳಲ್ಲ. ಮರವು ಅವುಗಳಿಗೆ ಆಸರೆ ಮಾತ್ರ. ಅವುಗಳ ಬೇರನ್ನು ವೆಲಮೆನ್ ಎಂಬ ಸ್ಪಂಜಿನಂತಹ ಪದರವು ಆವರಿಸಿರುತ್ತದೆ. ಮಳೆ ಬಿದ್ದೊಡನೆ ಈ ಪದರವು ನೀರನ್ನು ಹೀರಿಕೊಳ್ಳುತ್ತದೆ, ಅನಂತರ ಗಾಳಿಗೆ ಒಣಗುತ್ತದೆ. ಒಣಗಿದ ಬೇರು ಬೆಳ್ಳಿಯ ಬಣ್ಣಕ್ಕಿರುತ್ತದೆ. ನೆನೆದಾಗ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಪಾರದರ್ಶಕ ಕುಂಡದಲ್ಲಿ ಈ ಬಣ್ಣವನ್ನು ನೋಡಿಯೇ ನೀರುಣಿಸುವ ಸಮಯವನ್ನು ನಿರ್ಧರಿಸಬಹುದು. ತೋಟದ ಮಣ್ಣಿನಲ್ಲಿ ನೆಟ್ಟರೆ ಇಂತಹ ಬೇರು ಗಾಳಿಯಿಲ್ಲದೆ ಕೊಳೆಯುತ್ತದೆ. ಆದ್ದರಿಂದಲೇ ತೊಗಟೆಯ ಚೂರು, ಇದ್ದಿಲು, ಸ್ಫ್ಯಾಗ್ನಮ್ ಪಾಚಿ ಮುಂತಾದವುಗಳನ್ನು ಬಳಸುತ್ತಾರೆ.

ಕ್ಯಾಟ್ಲಿಯಾ, ಸಿಂಬಿಡಿಯಮ್ ಮೊದಲಾದವು ನೀರನ್ನು ಕೂಡಿಡುವ ಹುಸಿಗೆಡ್ಡೆಗಳನ್ನು ಹೊಂದಿವೆ. ಫಲೆನಾಪ್ಸಿಸ್‌ಗೆ ಅಂತಹ ಉಗ್ರಾಣವಿಲ್ಲ. ಅದರ ದಪ್ಪ ಎಲೆ ಮತ್ತು ಬೇರುಗಳೇ ಆ ಕೆಲಸವನ್ನು ನಿರ್ವಹಿಸುತ್ತವೆ.

ಇತಿಹಾಸ

1818ರಲ್ಲಿ ಬ್ರೆಜಿಲ್‌ನಿಂದ ಇಂಗ್ಲೆಂಡಿಗೆ ಬಂದ ಕ್ಯಾಟ್ಲಿಯಾ ಗಿಡವು ವಿಲಿಯಂ ಕ್ಯಾಟ್ಲಿ ಎಂಬಾತನ ಗಾಜಿನಮನೆಯಲ್ಲಿ ಹೂಬಿಟ್ಟಿತು. ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ 1821ರಲ್ಲಿ ಆತನ ಹೆಸರನ್ನೇ ಆ ಕುಲಕ್ಕೆ ಇಟ್ಟನು. ಅಲ್ಲಿಂದ ಮುಂದೆ ಶ್ರೀಮಂತರಲ್ಲಿ ಆರ್ಕಿಡ್ ಸಂಗ್ರಹದ ಹುಚ್ಚು ಹಬ್ಬಿತು. ಆದರೆ ಹಡಗುಗಳಲ್ಲಿ ಬಂದ ಗಿಡಗಳಲ್ಲಿ ಬದುಕಿದವು ಬಹಳ ಕಡಿಮೆ. ಉಷ್ಣವಲಯವೆಂದರೆ ಎಲ್ಲೆಡೆಯೂ ಉರಿಸೆಕೆ ಮತ್ತು ಆವಿ ಎಂದು ತಿಳಿದಿದ್ದ ಅಂದಿನ ತೋಟಗಾರರು ಎಲ್ಲ ಆರ್ಕಿಡ್‌ಗಳನ್ನೂ ಕಿಟಕಿ ತೆರೆಯದ ಬಿಸಿ ಮನೆಗಳಲ್ಲಿ ಕೂಡಿಹಾಕುತ್ತಿದ್ದರು. ಆಂಡೀಸ್ ಪರ್ವತದ ಎತ್ತರದಲ್ಲಿ ಮಂಜಿನ ನಡುವೆ ಬೆಳೆಯುವ ಒಡಾಂಟೊಗ್ಲಾಸಮ್‌ನಂತಹ ಗಿಡಗಳು ಹೀಗೆ ಸೆಕೆಯಿಂದಲೇ ಸತ್ತವು. ಚಳಿನಾಡಿಗೆ ಬಂದ ಗಿಡಗಳು ಬಿಸಿಯಿಂದ ಸತ್ತದ್ದು ಈ ಇತಿಹಾಸದ ವೈಚಿತ್ರ್ಯ.

ಡೆವನ್‌ಶೈರ್ ಡ್ಯೂಕನ ಚಾಟ್ಸ್‌ವರ್ತ್ ತೋಟದ ಮುಖ್ಯಸ್ಥನಾಗಿದ್ದ ಜೋಸೆಫ್ ಪ್ಯಾಕ್ಸ್ಟನ್ 1830ರ ದಶಕದಲ್ಲಿ ಗಾಳಿಯಾಟ ಮತ್ತು ಮಿತ ಉಷ್ಣತೆಗೆ ಮಹತ್ವ ಕೊಟ್ಟು ಈ ಪದ್ಧತಿಯನ್ನು ಬದಲಿಸಿದನು. ಆತನ ತೋಟದಿಂದ 1835ರಲ್ಲಿ ಭಾರತಕ್ಕೆ ಹೊರಟ ಜಾನ್ ಗಿಬ್ಸನ್ ಖಾಸಿ ಬೆಟ್ಟಗಳಿಂದ ಅನೇಕ ಆರ್ಕಿಡ್‌ಗಳನ್ನು ಕೊಂಡೊಯ್ದನು. ಇದೇ ಕಾಲದಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಗಿಡಗಳು ತಮ್ಮ ತೇವವನ್ನು ತಾವೇ ಉಳಿಸಿಕೊಂಡು ಬದುಕಬಲ್ಲವೆಂದು ತೋರಿಸಿದನು. ವಾರ್ಡಿಯನ್ ಪೆಟ್ಟಿಗೆ ಎಂದು ಹೆಸರಾದ ಇದು ಹಡಗಿನ ಪ್ರಯಾಣಕ್ಕೂ ಮನೆಯ ಹಜಾರಕ್ಕೂ ಒದಗಿತು.

ಆರ್ಕಿಡ್ ಸಾಮಾನ್ಯರ ಮನೆಗೆ ಬರಲು ಇನ್ನೂ ಎರಡು ಸಂಶೋಧನೆಗಳು ಬೇಕಾದವು. ಧೂಳಿನಂತಹ ಆರ್ಕಿಡ್ ಬೀಜದಲ್ಲಿ ಆಹಾರದ ಸಂಗ್ರಹವಿಲ್ಲದ ಕಾರಣ ಅದು ಮೊಳೆಯಲು ಒಂದು ಬಗೆಯ ಶಿಲೀಂಧ್ರದ ನೆರವು ಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ 1922ರಲ್ಲಿ ಸಕ್ಕರೆ ಬೆರೆಸಿದ ಅಗರ್ ಮಾಧ್ಯಮದಲ್ಲಿ ಶಿಲೀಂಧ್ರವಿಲ್ಲದೆಯೇ ಬೀಜವನ್ನು ಮೊಳೆಯಿಸುವ ವಿಧಾನವನ್ನು ಪ್ರಕಟಿಸಿದನು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಸಿಂಬಿಡಿಯಮ್‌ನ ಕುಡಿಯ ಅಂಗಾಂಶದಿಂದ ಒಂದೇ ಬಗೆಯ ಅಸಂಖ್ಯ ಗಿಡಗಳನ್ನು ಪಡೆಯಬಹುದೆಂದು ತೋರಿಸಿದನು. ಈಗ ನೆದರ್ಲೆಂಡ್ಸ್‌ನ ಬೃಹತ್ ಹಸಿರುಮನೆಗಳಿಂದ ಬರುವ ಫಲೆನಾಪ್ಸಿಸ್ ಯುರೋಪಿನ ದಿನಸಿ ಮಳಿಗೆಗಳಲ್ಲಿಯೂ ದೊರೆಯುತ್ತದೆ.

ಗಾಜಿನಮನೆಯಿಲ್ಲದವರಿಗೆ ಮಾರ್ಗದರ್ಶಿಯಾದ ಕೃತಿಗಳಲ್ಲಿ ರೆಬೆಕಾ ಟೈಸನ್ ನಾರ್ದೆನ್ ಅವರ 'ಹೋಮ್ ಆರ್ಕಿಡ್ ಗ್ರೋಯಿಂಗ್' (1950) ಪ್ರಮುಖವಾದುದು. ಲೇಖಕಿಯು ವಾಸವಾಗಿದ್ದ ವಯೋಮಿಂಗ್‌ನ ಲಾರಮಿ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 2,180 ಮೀಟರ್ ಎತ್ತರದ, ದೀರ್ಘ ಹಿಮಗಾಲದ ಊರು ಎಂಬುದು ಗಮನಾರ್ಹ.

ಚಳಿಗಾಲದ ಮನೆ

ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ಹೆಚ್ಚಿರುತ್ತದೆ. ಡಿಸೆಂಬರ್ ಕೊನೆಯಲ್ಲಿ ಟೊರಾಂಟೊದ ಹಗಲು 9 ಗಂಟೆಗೆ ಕೊಂಚ ಕಡಿಮೆ, ಲಂಡನ್ನಿನದು 8 ಗಂಟೆಗೂ ಕಡಿಮೆ. ಸೂರ್ಯನು ದಿಗಂತದ ಸಮೀಪದಲ್ಲೇ ಸಾಗುವುದರಿಂದ ಬೆಳಕಿನ ತೀಕ್ಷ್ಣತೆಯೂ ಕುಗ್ಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಎಲೆ ಸುಡುವ ದಕ್ಷಿಣದ ಕಿಟಕಿಯೇ ಚಳಿಗಾಲದಲ್ಲಿ ಉತ್ತಮ ಸ್ಥಳ. ಕಿಟಕಿಯಿಂದ ದೂರ ಸರಿದಂತೆ ಬೆಳಕು ಬೇಗನೆ ಕ್ಷೀಣಿಸುತ್ತದೆ. ಮನುಷ್ಯನ ಕಣ್ಣು ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ಅರಿವಿಗೆ ಬರುವುದಿಲ್ಲ. ಸಾಲದ ಬೆಳಕನ್ನು ಎಲ್‌ಇಡಿ ದೀಪಗಳಿಂದ ದಿನಕ್ಕೆ 12 ಗಂಟೆಯವರೆಗೆ ತುಂಬಿಕೊಡಬಹುದು. ಕ್ಯಾಟ್ಲಿಯಾ ಲ್ಯಾಬಿಯಾಟಾ ಇದಕ್ಕೆ ಅಪವಾದ. ಹಗಲು ಕಿರಿದಾದಾಗ ಮಾತ್ರ ಮೊಗ್ಗು ಕಟ್ಟುವ ಈ ಗಿಡವನ್ನು ರಾತ್ರಿಯಿಡೀ ದೀಪ ಉರಿಯುವ ಕೋಣೆಯಲ್ಲಿಟ್ಟರೆ ಹೂ ಬರುವುದಿಲ್ಲ.

ಎರಡನೆಯ ತೊಡಕು ಒಣಗಾಳಿ. ತಣ್ಣನೆಯ ಗಾಳಿಯು ಅತ್ಯಲ್ಪ ನೀರಾವಿಯನ್ನು ಮಾತ್ರ ಹಿಡಿದಿಡಬಲ್ಲದು. ಸೊನ್ನೆಗಿಂತ 10 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ಹೊರಗಿನ ಗಾಳಿಯು ತೇವದಿಂದ ಪೂರ್ಣವಾಗಿದ್ದರೂ, ಅದನ್ನು ಮನೆಯೊಳಗೆ 21 ಡಿಗ್ರಿಗೆ ಕಾಯಿಸಿದಾಗ ಅದರ ಸಾಪೇಕ್ಷ ಆರ್ದ್ರತೆಯು ಸುಮಾರು ಶೇ. 10ಕ್ಕೆ ಇಳಿಯುತ್ತದೆ. ಅಡುಗೆ, ಸ್ನಾನ, ಜನರ ಉಸಿರಿನಿಂದ ಇದು ಸ್ವಲ್ಪ ಏರಬಹುದು. ಆರ್ಕಿಡ್‌ಗಳಿಗಾದರೋ ಶೇ. 40ರಿಂದ 70ರಷ್ಟು ಬೇಕು. ಬೆಣಚುಕಲ್ಲು ಮತ್ತು ನೀರು ತುಂಬಿದ ತಟ್ಟೆಯ ಮೇಲೆ ಕುಂಡವನ್ನಿಡುವ ಸಲಹೆಯು ಬಹುತೇಕ ಎಲ್ಲ ಕೈಪಿಡಿಗಳಲ್ಲಿಯೂ ಕಾಣುತ್ತದೆ. ಅದರಿಂದಾಗುವ ಪ್ರಯೋಜನ ಅಲ್ಪ. ಎಲೆಗೆ ನೀರು ಚಿಮುಕಿಸುವುದರ ಪರಿಣಾಮವೂ ಕೆಲವೇ ನಿಮಿಷಗಳದ್ದು. ಗಿಡಗಳನ್ನು ಒತ್ತಟ್ಟಿಗೆ ಇಡುವುದು, ಆರ್ದ್ರಕ ಯಂತ್ರವನ್ನು ಬಳಸುವುದು, ವಾರ್ಡಿಯನ್ ಪೆಟ್ಟಿಗೆಯ ವಂಶಜವಾದ ಗಾಜಿನ ಕಪಾಟಿನಲ್ಲಿ ಇಡುವುದು ಹೆಚ್ಚು ಫಲಕಾರಿ. ಎಲ್ಲಕ್ಕಿಂತ ಮೊದಲು ಗಿಡವನ್ನು ಕಿಟಕಿಯ ಕೆಳಗಿನ ರೇಡಿಯೇಟರಿನಿಂದ ದೂರವಿಡಬೇಕು.

ಮೂರನೆಯದು ನೀರು. ಹೆಚ್ಚಿನ ನಷ್ಟ ಸಂಭವಿಸುವುದು ಇಲ್ಲಿಯೇ. ಬೆಳಕು ಕುಗ್ಗಿದಾಗ ಗಿಡದ ಬೆಳವಣಿಗೆ ನಿಧಾನವಾಗುತ್ತದೆ, ಅದು ನೀರನ್ನು ಬಳಸುವುದೂ ಕಡಿಮೆಯಾಗುತ್ತದೆ. ಬೇಸಿಗೆಯ ಲೆಕ್ಕದಲ್ಲೇ ನೀರು ಸುರಿದರೆ ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡವು ನೀರನ್ನು ಹೀರಲಾರದೆ ಎಲೆ ಸುಕ್ಕುಗಟ್ಟುತ್ತದೆ. ಬಾಯಾರಿದ ಗಿಡದ ಲಕ್ಷಣವೂ ಅದೇ. ಎಲೆಯ ಸುಕ್ಕನ್ನು ಮಾತ್ರ ನೋಡಿ ಮತ್ತಷ್ಟು ನೀರು ಹಾಕಿದರೆ ಗಿಡ ಉಳಿಯುವುದಿಲ್ಲ. ಆದ್ದರಿಂದ ಮೊದಲು ಬೇರನ್ನು ಪರೀಕ್ಷಿಸಬೇಕು: ಗಟ್ಟಿಯಾಗಿದ್ದರೆ ಬಾಯಾರಿಕೆ, ಕಂದಾಗಿ ಮೆತ್ತಗಿದ್ದರೆ ಕೊಳೆತ. ನೀರನ್ನು ಬೆಳಗಿನ ಹೊತ್ತು ಉಗುರುಬೆಚ್ಚಗೆ ಮಾಡಿ ಹಾಕುವುದು, ಫಲೆನಾಪ್ಸಿಸ್‌ನ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಒರೆಸುವುದು ರೂಢಿ. ಅಮೆರಿಕದಲ್ಲಿ ವಾರಕ್ಕೊಮ್ಮೆ ಮಂಜುಗಡ್ಡೆಯ ತುಂಡುಗಳನ್ನು ಕುಂಡದಲ್ಲಿಡುವ ಪದ್ಧತಿಯೂ ಇದೆ. ಒಹಾಯೊ ಸ್ಟೇಟ್ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರಿಂದ ತೊಗಟೆಯಲ್ಲಿ ನೆಟ್ಟ ಫಲೆನಾಪ್ಸಿಸ್‌ಗೆ ಹಾನಿ ಕಂಡುಬರಲಿಲ್ಲ. ನೀರು ಮಿತಿಮೀರದಂತೆ ತಡೆಯುವುದೇ ಇದರ ಮುಖ್ಯ ಅನುಕೂಲ.

ಒಣ ಕೋಣೆಗಳಲ್ಲಿ ನುಸಿ, ಹಿಟ್ಟು ತಿಗಣೆ ಮತ್ತು ಶಲ್ಕ ಕೀಟಗಳ ಕಾಟವೂ ಹೆಚ್ಚು. ಎಲೆಯ ಅಡಿಭಾಗವನ್ನು ಆಗಾಗ ಒರೆಸುವುದರಿಂದ ಇವನ್ನು ಹತೋಟಿಯಲ್ಲಿಡಬಹುದು.

ತಂಪು ಮತ್ತು ಹೂ

ಆರ್ಕಿಡ್‌ಗಳನ್ನು ರಾತ್ರಿಯ ಕನಿಷ್ಠ ಉಷ್ಣತೆಗೆ ಅನುಸಾರವಾಗಿ ತಂಪು, ಮಧ್ಯಮ ಮತ್ತು ಬೆಚ್ಚನೆಯ ವರ್ಗಗಳೆಂದು ವಿಂಗಡಿಸುತ್ತಾರೆ. ಅಮೆರಿಕದ ಲೇಖಕ ರೆಕ್ಸ್ ಸ್ಟೌಟ್ ಸೃಷ್ಟಿಸಿದ ಪತ್ತೇದಾರ ನೀರೊ ವುಲ್ಫ್ ನ್ಯೂಯಾರ್ಕಿನ ತನ್ನ ಮನೆಯ ಮಾಳಿಗೆಯ ಮೇಲೆ ಆರ್ಕಿಡ್‌ಗಳಿಗಾಗಿ ಇಂತಹ ಬೇರೆ ಬೇರೆ ಕೋಣೆಗಳನ್ನು ಇಟ್ಟುಕೊಂಡಿದ್ದಾನೆ. ಸಾಮಾನ್ಯ ಮನೆಯಲ್ಲಿ ಒಂದೊಂದು ಕಿಟಕಿಯೂ ಒಂದೊಂದು ವಾತಾವರಣವೇ.

ಫಲೆನಾಪ್ಸಿಸ್ ಬೆಚ್ಚನೆಯ ವರ್ಗದ್ದು. ಅದಕ್ಕೂ ಶರತ್ಕಾಲದಲ್ಲಿ ಕೆಲವು ವಾರ 16ರಿಂದ 18 ಡಿಗ್ರಿಯ ರಾತ್ರಿಗಳು ದೊರೆತರೆ ಹೂದಂಟು ಹೊರಡುತ್ತದೆ. ಸದಾ 28 ಡಿಗ್ರಿಗಿಂತ ಮೇಲಿರುವ ಕಡೆ ಎಲೆ ಬೆಳೆಯುತ್ತದೆ, ಹೂದಂಟು ಬರುವುದಿಲ್ಲ. ಸಿಂಬಿಡಿಯಮ್‌ಗೆ 10ರಿಂದ 13 ಡಿಗ್ರಿಯ ರಾತ್ರಿಗಳು ಬೇಕು. ಆದ್ದರಿಂದ ಅದನ್ನು ಬೇಸಿಗೆಯಲ್ಲಿ ಅಂಗಳದ ಅರೆನೆರಳಿನಲ್ಲಿಟ್ಟು, ಹಿಮ ಬೀಳುವ ಮುನ್ನವಷ್ಟೇ ಒಳಗೆ ತರುತ್ತಾರೆ. ಹಿಮಾಲಯದ ತಪ್ಪಲಿನ ಡೆಂಡ್ರೋಬಿಯಮ್ ನೋಬಿಲೆಗೆ ತಂಪಿನ ಜೊತೆಗೆ ಬರಗಾಲವೂ ಬೇಕು. ಶರತ್ಕಾಲದಿಂದ ಗೊಬ್ಬರವನ್ನು ನಿಲ್ಲಿಸಿ, ನೀರನ್ನು ಬಹಳ ಕಡಿಮೆ ಮಾಡಬೇಕು. ಆಗ ಕೆಲವು ಎಲೆ ಉದುರುವುದು ಸಹಜ. ಕನಿಕರದಿಂದ ನೀರು ಗೊಬ್ಬರ ಹಾಕಿದರೆ ಹೂವಿನ ಜಾಗದಲ್ಲಿ ಮರಿಗಿಡಗಳು ಹುಟ್ಟುತ್ತವೆ. ಇವಕ್ಕೆ ಹವಾಯಿ ಭಾಷೆಯಲ್ಲಿ 'ಮಗು' ಎಂಬರ್ಥದ 'ಕೇಕಿ' ಎಂಬ ಹೆಸರಿದೆ.

ತಂಪಿಗೂ ಮಿತಿಯುಂಟು. ಎಲೆಯು ಹೆಪ್ಪುಗಟ್ಟಿದ ಗಾಜಿಗೆ ತಾಗಿದರೆ ತಾಗಿದ ಭಾಗ ಕಪ್ಪಾಗುತ್ತದೆ. ರಾತ್ರಿ ಪರದೆ ಎಳೆದಾಗ ಗಾಜಿಗೂ ಪರದೆಗೂ ನಡುವೆ ಸಿಕ್ಕಿಕೊಂಡ ಗಿಡಕ್ಕೆ ಕೋಣೆಯ ಬಿಸಿ ತಲುಪುವುದಿಲ್ಲ. ಚಳಿಗಾಲದಲ್ಲಿ ಕೊಂಡ ಗಿಡವನ್ನು ಕಾಗದದಲ್ಲಿ ಸುತ್ತದೆ ಅಂಗಡಿಯಿಂದ ವಾಹನದವರೆಗೆ ಒಯ್ದರೂ ಮೊಗ್ಗುಗಳು ಉದುರಬಹುದು. ಮಾಗಿದ ಸೇಬುಗಳು ಹೊರಸೂಸುವ ಎಥಿಲೀನ್ ಅನಿಲದಿಂದಲೂ ಹೀಗಾಗುವುದುಂಟು.

ಸಂಗ್ರಹ ಮತ್ತು ಕಾನೂನು

ಹವ್ಯಾಸಿಯು ಸಂಗ್ರಾಹಕನಾದಾಗ ಅಪರೂಪದ ಪ್ರಭೇದಗಳ ಮೇಲೆ ಕಣ್ಣು ಬೀಳುತ್ತದೆ, ಕಾಡಿಗೆ ಅಪಾಯ ಒದಗುತ್ತದೆ. ದಕ್ಷಿಣ ಪಶ್ಚಿಮ ಘಟ್ಟದ ಅಗಸ್ತ್ಯಮಲೆ ಪ್ರದೇಶಕ್ಕಷ್ಟೇ ಸೀಮಿತವಾದ ಪ್ಯಾಫಿಯೋಪೆಡಿಲಮ್ ಡ್ರೂರಿ ಎಂಬ ಹಳದಿ ಹೂವಿನ ಆರ್ಕಿಡ್ ಅತಿಯಾದ ಸಂಗ್ರಹದಿಂದ ಅಳಿವಿನಂಚಿಗೆ ತಲುಪಿದೆ. 1999ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ವಿಯೆಟ್ನಾಮಿನ ಪ್ಯಾಫಿಯೋಪೆಡಿಲಮ್ ವಿಯೆಟ್ನಮೆನ್ಸ್ ಕೆಲವೇ ವರ್ಷಗಳಲ್ಲಿ ತನ್ನ ನೆಲೆಯಿಂದ ಬಹುತೇಕ ಕಣ್ಮರೆಯಾಯಿತು.

1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧವು ಇಡೀ ಆರ್ಕಿಡ್ ಕುಟುಂಬವನ್ನು ಒಳಗೊಂಡಿದೆ. ಪ್ಯಾಫಿಯೋಪೆಡಿಲಮ್ ಮತ್ತು ಫ್ರಾಗ್ಮಿಪೀಡಿಯಮ್ ಕುಲಗಳು ಹೆಚ್ಚು ಕಟ್ಟುನಿಟ್ಟಾದ ಮೊದಲನೆಯ ಅನುಬಂಧದಲ್ಲಿವೆ. ಹೀಗಾಗಿ ಊರಿಗೆ ಬಂದು ಹೋಗುವ ಪ್ರವಾಸಿಯು ಕಾಡಿನ ಸೀತಾಳೆ ಗಿಡವೊಂದನ್ನು ಪರವಾನಗಿಯಿಲ್ಲದೆ ವಿದೇಶದ ಮನೆಗೆ ಕೊಂಡೊಯ್ಯುವಂತಿಲ್ಲ. ನರ್ಸರಿಯಲ್ಲಿ ಬೀಜ ಅಥವಾ ಅಂಗಾಂಶದಿಂದ ಬೆಳೆಸಿದ ಗಿಡಗಳು ಸಂಗ್ರಾಹಕರಿಗೆ ಕಾನೂನುಬದ್ಧವಾಗಿ ದೊರೆಯುತ್ತವೆ. ಅವು ಹುಟ್ಟಿನಿಂದಲೇ ಕುಂಡದ ಬದುಕಿಗೆ ಒಗ್ಗಿರುವುದರಿಂದ, ಕಾಡಿನಿಂದ ಕಿತ್ತು ತಂದವುಗಳಿಗಿಂತ ಚಳಿಗಾಲವನ್ನು ದಾಟುವ ಸಂಭವವೂ ಹೆಚ್ಚು.