ಟ್ಯಾಂಕಿನ ಮೇಲೆ ಯೆಜ್ಡಿ, ಎಂಜಿನ್ ಮೇಲೆ ಜಾವಾ

“ಬ್ಯಾಡ್ಜ್ ಬದಲಾಯಿಸಿಬಿಡಿ ಸಾಹೇಬರೆ. ಜಾವಾ ಅಂತ ಹಾಕಿದರೆ ಗಾಡಿಯ ಬೆಲೆಯೇ ಬೇರೆ.”

ಪುಣೆಯ ನಾನಾ ಪೇಟೆಯ ಮೆಕ್ಯಾನಿಕ್ ಹಿಂದಿ, ಮರಾಠಿ ಬೆರೆಸಿ ಹೀಗೆ ಹೇಳಿದಾಗ ಅಪ್ಪನ ಬೈಕು ಅವರ ಅಂಗಡಿಯ ನೆಲದ ಮೇಲೆ ತುಂಡು ತುಂಡಾಗಿ ಬಿದ್ದಿತ್ತು. ಟ್ಯಾಂಕಿನ ಮೇಲಿರುವುದು ಯೆಜ್ಡಿ. ಆದರೆ ಎಡಬದಿಯ ಎಂಜಿನ್ ಕವರಿನ ಮೇಲೆ ಎಷ್ಟೋ ವರ್ಷದಿಂದ ಕೂತಿದ್ದ ಜಿಡ್ಡನ್ನು ತೊಳೆದಾಗ ಎದ್ದು ಕಂಡ ಅಕ್ಷರ ಜಾವಾ. ಹಾಗಾದರೆ ಇದು ಯಾವ ಗಾಡಿ?

ಆರ್‌ಸಿ ಪುಸ್ತಕದಲ್ಲಿ ಇಸವಿ 1974. ಅಪ್ಪ ಅದನ್ನು ಕೊಂಡದ್ದು 1986ರಲ್ಲಿ, ಕೊಡಗಿನ ಕಾಫಿ ತೋಟವೊಂದರ ರೈಟರ್ ಹತ್ತಿರ. ಹುಣಸೂರಿನಲ್ಲಿ ಕೆಇಬಿ ಕೆಲಸ. ಮಳೆಗಾಲದ ರಾತ್ರಿ ಲೈನ್ ಹೋಯಿತೆಂದರೆ ಅದರ ಮೇಲೆಯೇ ಹೊರಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ಬೈಕು ಕೊಟ್ಟಿಗೆ ಸೇರಿತು. ಕಳೆದ ವರ್ಷ ಪೆಟ್ರೋಲ್ ಖಾಲಿ ಮಾಡಿ, ಗೋಣಿಚೀಲ ಸುತ್ತಿ, ರೈಲ್ವೆ ಪಾರ್ಸೆಲ್‌ನಲ್ಲಿ ಇಲ್ಲಿಗೆ ತರಿಸಿದೆ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ಶುರು ಮಾಡಿದ್ದು 1961ರಲ್ಲಿ. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಬೈಕು ಜೆಕೊಸ್ಲೊವಾಕಿಯದ್ದು, ಪರವಾನಗಿ ಪಡೆದು ಇಲ್ಲಿ ತಯಾರಿಸಿದವರು ಇರಾನಿ ಕುಟುಂಬ. ಜಾನೆಚೆಕ್ ಎಂಬ ಪ್ರಾಗ್ ನಗರದ ಉದ್ಯಮಿಯ ಹೆಸರಿನ ಮೊದಲ ಅಕ್ಷರಗಳಿಗೆ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲ ಅಕ್ಷರಗಳು ಸೇರಿ ಜಾವಾ. ಯೆಜ್ಡಿ ಬಂದದ್ದು ಇರಾನಿನ ಯಜ್ದ್ ಊರಿನಿಂದ. ಪುಣೆ, ಮುಂಬೈಗಳಲ್ಲಿ ಬನ್ ಮಸ್ಕಾ ಮತ್ತು ಚಹಾ ಕೊಡುವ ಇರಾನಿ ಕೆಫೆಗಳ ಎಷ್ಟೋ ಹಿರಿಯರು ಹೊರಟು ಬಂದದ್ದೂ ಆ ಸೀಮೆಯಿಂದಲೇ. ತಮಾಷೆಯೆಂದರೆ ಜೆಕ್ ಭಾಷೆಯಲ್ಲಿ ‘ಯೆಜ್ಡೀ’ ಎಂದರೆ ‘ಸವಾರಿ ಮಾಡುತ್ತಾನೆ’ ಎಂದರ್ಥ.

1973ರಲ್ಲಿ ಜಾವಾ ಯೆಜ್ಡಿಯಾಯಿತು. ಮೈಸೂರು ರಾಜ್ಯ ಕರ್ನಾಟಕವಾದದ್ದೂ ಅದೇ ವರ್ಷದ ನವೆಂಬರ್ 1ರಂದು. ರಾಜ್ಯದ ಹೆಸರು ಬದಲಾದ ಮಾರನೆಯ ದಿನ ಕಚೇರಿಗಳಲ್ಲಿ ಹಳೆಯ ಲೆಟರ್‌ಹೆಡ್‌ಗಳನ್ನೆಲ್ಲ ಯಾರೂ ಸುಟ್ಟಿರಲಾರರು. ಮುಗಿಯುವ ತನಕ ಬಳಸಿರುತ್ತಾರೆ. ನಮ್ಮ ಬೈಕಿನ ಎಂಜಿನ್ ಕವರಿನ ವಿಷಯದಲ್ಲೂ ನನ್ನ ಊಹೆ ಅದೇ. ಹೆಸರು ಬದಲಾಗಿತ್ತು, ಹಳೆಯ ಕವರುಗಳು ಉಳಿದಿದ್ದವು. ಅಥವಾ ತೋಟದ ರೈಟರ್ ಯಾವತ್ತೋ ಗಾಡಿ ಬೀಳಿಸಿ, ಮಡಿಕೇರಿಯಲ್ಲಿ ಸಿಕ್ಕ ಹಳೆಯ ಕವರು ಹಾಕಿಸಿರಲೂಬಹುದು. ಎಂಜಿನ್ ನಂಬರು, ಚಾಸಿ ನಂಬರು ಎರಡೂ ಆರ್‌ಸಿಗೆ ಹೊಂದುತ್ತವೆ. ಕವರಿಗೆ ನಂಬರಿಲ್ಲ.

ನನ್ನದು ಸಾಫ್ಟ್‌ವೇರ್ ಕೆಲಸ. ಪ್ರತಿ ವರ್ಷನ್ನಿನಲ್ಲಿ ಏನೇನು ಬದಲಾಯಿತು ಎಂದು ಬರೆದಿಡದಿದ್ದರೆ ನಮ್ಮಲ್ಲಿ ಬೈಗುಳ ಕಾದಿರುತ್ತದೆ. ಇಂಥ ಹಳೆಯ ಬೈಕುಗಳಲ್ಲಿ ಆ ದಾಖಲೆ ಲೋಹದಲ್ಲೇ ಇದೆ, ಓದಲು ಬರಬೇಕು ಅಷ್ಟೆ. ಮೊದಲ ವರ್ಷಗಳ ಜಾವಾಗಳಲ್ಲಿ ಜಿಕೋವ್ ಕಾರ್ಬುರೇಟರ್, ಪಾಲ್ ಕಂಪನಿಯ ವಿದ್ಯುತ್ ಭಾಗಗಳು, ಅಂದರೆ ಜೆಕ್ ಸಾಮಾನು. ಮುಂದೆ ಒಂದೊಂದೇ ಭಾಗ ಇಲ್ಲಿಯೇ ತಯಾರಾಗತೊಡಗಿತು. ಜಾವಾದಲ್ಲೇ ಎ ಟೈಪ್, ಬಿ ಟೈಪ್ ಎಂಬ ಎರಡು ತಲೆಮಾರು. ಮೊದಮೊದಲ ಯೆಜ್ಡಿ ಈ ಬಿ ಟೈಪಿನ ಮುಂದುವರಿಕೆಯೇ. ಬಣ್ಣ, ಬ್ಯಾಡ್ಜ್ ನೋಡಿ ವರ್ಷ ಹೇಳುವವರನ್ನು ನಂಬಬೇಡಿ. ಅವೆರಡೇ ಎಲ್ಲಕ್ಕಿಂತ ಸುಲಭವಾಗಿ ಬದಲಾಗುವುದು.

ಬದಲಾಗದೆ ಉಳಿದದ್ದನ್ನೂ ಹೇಳಬೇಕು. ಎರಡು ಸೈಲೆನ್ಸರ್ ನೋಡಿ ಎರಡು ಸಿಲಿಂಡರ್ ಎಂದುಕೊಂಡವರು ಬಹಳ. ಇರುವುದು ಒಂದೇ ಸಿಲಿಂಡರ್, ಸುಮಾರು 250 ಸಿಸಿ. ಹೊಗೆ ಹೋಗಲು ಎರಡು ದಾರಿ. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ ಲಿವರ್. ಗೇರ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತದೆ, ಕೈಯ ಕ್ಲಚ್ ಹಿಡಿಯದೆಯೂ ಓಡಿಸಬಹುದು. ಇದನ್ನು ನಾನು ಕಲಿಯುವಷ್ಟರಲ್ಲಿ ಹಿತ್ತಲ ಬೇಲಿ ಎರಡು ಸಲ ಮುರಿದಿತ್ತು.

ಎಲ್ಲ ಬದಲಾವಣೆಯೂ ಜನರಿಗೆ ಹಿಡಿಸಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ನಮ್ಮಪ್ಪನ ಲೆಕ್ಕ ಲೀಟರಿಗೆ 40 ಎಂಎಲ್. ಈ ಗೋಜಲು ತಪ್ಪಿಸಲು ಕಂಪನಿ ‘ಆಯಿಲ್ ಕಿಂಗ್’ ಮಾದರಿಯಲ್ಲಿ ಪ್ರತ್ಯೇಕ ಆಯಿಲ್ ಪಂಪು ಕೊಟ್ಟಿತು. ಪಂಪು ಕೈಕೊಟ್ಟರೆ ಪಿಸ್ಟನ್ ಹಿಡಿದುಕೊಳ್ಳುತ್ತದಲ್ಲ, ಆ ಭಯಕ್ಕೆ ಎಷ್ಟೋ ಜನ ಪಂಪು ತೆಗೆಸಿ ಮತ್ತೆ ಕೈಯಲ್ಲೇ ಬೆರೆಸಿದರು. ಹಾಗಾಗಿ ಪಂಪು ಸಮೇತ ಉಳಿದ ಆಯಿಲ್ ಕಿಂಗ್ ಕಂಡರೆ ಸಂಗ್ರಾಹಕರ ಕಣ್ಣರಳುತ್ತದೆ. 1978ರಲ್ಲಿ ಬಂದ ರೋಡ್‌ಕಿಂಗ್‌ನಲ್ಲೂ ಹೀಗೆಯೇ: ಹಳೆಯವಕ್ಕೆ ಪಾಯಿಂಟ್, ಕೊನೆಯ ಕಾಲದವಕ್ಕೆ ಸಿಡಿಐ. ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ.

ಬ್ಯಾಡ್ಜಿನ ಪ್ರಶ್ನೆ ಬರೀ ಬೆಲೆಯದ್ದಲ್ಲ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನಮ್ಮದಕ್ಕೆ ವಯಸ್ಸಾಗಿದೆ, ಅರ್ಹತೆಯೂ ಇದೆ. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು.

ಇದನ್ನು ಫೋನಿನಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಓಡ್ಸೋ ಹಂಗಿಲ್ಲ ಅಂದ್ಮೇಲೆ ಕೊಟ್ಟಿಗೇಲೇ ಚೆನ್ನಾಗಿತ್ತಲ್ಲಪ್ಪ” ಎಂದರು. ಬ್ಯಾಡ್ಜ್ ವಿಷಯ ಎತ್ತಿದ್ದಕ್ಕೆ, “ನಾನು ಸಾಲ ಮಾಡಿ ತಗೊಂಡಿದ್ದು ಯೆಜ್ಡಿ ಕಣೋ. ಜಾವಾ ಅಂತ ಯಾರಿಗೆ ಸುಳ್ಳು ಹೇಳ್ತೀಯ?”

ಸರಿ, ಬ್ಯಾಡ್ಜ್ ಹಾಗೆಯೇ ಉಳಿಯಿತು, ಕವರೂ ಹಾಗೆಯೇ. ಹುಣಸೂರಿನಲ್ಲಿ ಹೊಲಿಸಿದ ಸೀಟು, ಅಪ್ಪ ವೆಲ್ಡ್ ಮಾಡಿಸಿದ ಹಿಂದಿನ ಕ್ಯಾರಿಯರ್, ಯಾವ ವರ್ಷದ ಮಾದರಿಗೂ ಸೇರದ ಇವೆರಡನ್ನೂ ತೆಗೆಯಲಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ, ಜಾವಾ ಯೆಜ್ಡಿ ದಿನದಂದು, ಯಾರಾದರೂ ತೀರ್ಪುಗಾರರು ಅಂಕ ಕಳೆದರೆ ಕಳೆಯಲಿ. ಸಾಮಾನ್ಯ ನೋಂದಣಿಯನ್ನೇ ನವೀಕರಿಸಿ, ಕರ್ನಾಟಕದಿಂದ ಎನ್‌ಒಸಿ ತರಿಸುವ ಓಡಾಟದಲ್ಲಿದ್ದೇನೆ. ಬೇಕಾಗಿದ್ದ ಕೆಲವು ರಬ್ಬರುಗಳು, ಒಂದು ಕೇಬಲ್ಲು ಭಾನುವಾರದ ಜುನಾ ಬಜಾರಿನಲ್ಲಿ ಸಿಕ್ಕವು. ಮಾರಿದವನಿಗೆ ಅವು ಯಾವ ಗಾಡಿಯವೆಂದೇ ಗೊತ್ತಿರಲಿಲ್ಲ.

ಮೊನ್ನೆ ಜೋಡಣೆ ಮುಗಿಯಿತು. ಮೆಕ್ಯಾನಿಕ್ ನಾಲ್ಕನೆಯ ಕಿಕ್ಕಿಗೆ ಸ್ಟಾರ್ಟ್ ಮಾಡಿದರು. ನಾನು ಅಪ್ಪನಿಗೆ ಫೋನ್ ಹಚ್ಚಿ ಸೈಲೆನ್ಸರ್ ಹತ್ತಿರ ಹಿಡಿದೆ, ಒಂದು ನಿಮಿಷ ಇರಬಹುದು. ಏನಾದರೂ ಹೇಳುತ್ತಾರೆಂದು ಕಿವಿಗಿಟ್ಟುಕೊಂಡರೆ, “ಎಡಗಡೆ ಸೈಲೆನ್ಸರ್ ಕಟ್ಕೊಂಡಿದೆ. ಬಿಚ್ಚಿ ಒಳಗಡೆ ಮಸಿ ಸುಡ್ಸು” ಎಂದರು.