ಹೆಪ್ಪಿಲ್ಲದೆ ಮೊಸರಾದೀತೆ?

‘ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಒಂದು ಇನ್ನೊಂದನ್ನು ಕಾಯುತ್ತದೆ. ಆ ಇನ್ನೊಂದು ಮೊದಲಿನದನ್ನೇ ಕಾಯುತ್ತದೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಕಂಪ್ಯೂಟರಿನಲ್ಲಿಯೂ ಈ ದೋಷ ತಲೆದೋರುವುದುಂಟು.

ಕೇರಳದ ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಬಳಸುವ ಲಿನಕ್ಸನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದರು. ನಮಗೆ ಅದು ಹೋಟೆಲಿನ ಊಟದಂತೆ ಸಿದ್ಧರೂಪದಲ್ಲಿ ದೊರೆಯುತ್ತದೆ. ಆದರೆ 2002ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ‘ಜೆಂಟೂ’ ಎಂಬ ಲಿನಕ್ಸಿನ ಬಗೆ ಬೇರೆ. ಅದು ಮನೆಯ ಅಡುಗೆ. ತಂತ್ರಾಂಶಗಳ ಮೂಲಪಠ್ಯವನ್ನು ತಂದು, ನಮ್ಮ ಯಂತ್ರದಲ್ಲಿಯೇ ಯಂತ್ರಭಾಷೆಗೆ ಪರಿವರ್ತಿಸಿಕೊಳ್ಳುವುದು ಅದರ ರೂಢಿ. ಯಾವುದಕ್ಕಿಂತ ಮೊದಲು ಯಾವುದು ಬೇಕೆಂದು ಲೆಕ್ಕ ಹಾಕುವ ಕೆಲಸ ‘ಪೋರ್ಟೇಜ್’ ಎಂಬ ತಂತ್ರಾಂಶದ್ದು.

ಇಲ್ಲಿಯೇ ಗಂಟು ಬೀಳುವುದು. ಪರದೆಯ ಮೇಲೆ ‘ಶಾಸ್ತ್ರ’ ಎಂಬ ಪದ ಮೂಡಬೇಕೆನ್ನಿ. ‘ಸ’ದ ಕೆಳಗೆ ಯಾವ ಒತ್ತು ಬರಬೇಕು, ಎಲ್ಲಿ ಕೂರಬೇಕು ಎಂದು ನಿರ್ಧರಿಸುವುದು ‘ಹಾರ್ಫ್‌ಬಝ್’. ಹಾಗೆ ಗೊತ್ತಾದ ಆಕಾರವನ್ನು ಚುಕ್ಕಿಗಳಾಗಿ ಬಿಡಿಸುವುದು ‘ಫ್ರೀಟೈಪ್’. ಹಾರ್ಫ್‌ಬಝ್ ಕಟ್ಟಲು ಫ್ರೀಟೈಪ್ ಬೇಕು. ಅಕ್ಷರದ ಅಂಚನ್ನು ಇನ್ನಷ್ಟು ಸ್ಫುಟಗೊಳಿಸಲು ಫ್ರೀಟೈಪಿಗೆ ಹಾರ್ಫ್‌ಬಝ್ ಬೇಕು. ಎರಡನ್ನೂ ಸಕಲ ಸೌಲಭ್ಯಗಳೊಡನೆ ಒಮ್ಮೆಗೇ ಕಟ್ಟಹೊರಟ ಜೆಂಟೂ ಬಳಕೆದಾರರನ್ನು ಈ ಜೋಡಿ ಅನೇಕ ವರ್ಷ ಕಾಡಿತು. ಪೋರ್ಟೇಜ್ ಕೆಲಸ ನಿಲ್ಲಿಸಿ, ಯಾವುದು ಯಾವುದನ್ನು ಕಾಯುತ್ತಿದೆಯೆಂದು ಪಟ್ಟಿ ಮಾಡಿ ತೋರಿಸುತ್ತಿತ್ತು.

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಮೊಸರಾಗಲು ಹೆಪ್ಪು ಬೇಕು, ಹೆಪ್ಪೆಂದರೆ ಮೊಸರೇ! ಮನೆಯಲ್ಲಿ ಮೊಸರು ಮುಗಿದ ದಿನ ಏನು ಮಾಡುತ್ತೇವೆ? ಕೆಲವರು ಹಾಲಿಗೆ ಹಸಿಮೆಣಸಿನ ತೊಟ್ಟು ಹಾಕಿಡುತ್ತಾರೆ. ಮೊದಲ ದಿನದ ಮೊಸರು ಅಷ್ಟು ಗಟ್ಟಿಯಾಗದಿರಬಹುದು. ಅದನ್ನೇ ಹೆಪ್ಪು ಹಾಕಿದರೆ ಮರುದಿನ ಒಳ್ಳೆಯ ಮೊಸರು ಸಿದ್ಧ.

ಜೆಂಟೂ ಬಲ್ಲವರು ಮಾಡುವುದೂ ಇದನ್ನೇ. ಬೇಕಾದ ಸೌಲಭ್ಯವನ್ನು ಸೇರಿಸಲು, ಬೇಡವಾದುದನ್ನು ಬಿಡಲು ‘ಯೂಸ್ ಫ್ಲ್ಯಾಗ್’ ಎಂಬ ಗುರುತುಗಳಿವೆ. ಮೊದಲು ಹಾರ್ಫ್‌ಬಝ್ ಗುರುತನ್ನು ತಾತ್ಕಾಲಿಕವಾಗಿ ತೆಗೆದು ಸಾದಾ ಫ್ರೀಟೈಪನ್ನು ಕಟ್ಟಬೇಕು. ಅದರ ನೆರವಿನಿಂದ ಹಾರ್ಫ್‌ಬಝ್ ಕಟ್ಟಬೇಕು. ಕೊನೆಗೆ ಗುರುತನ್ನು ಮರಳಿ ಸೇರಿಸಿ ಫ್ರೀಟೈಪನ್ನು ಎರಡನೆಯ ಸಲ ಕಟ್ಟಬೇಕು. ಗಂಟು ಬಿಚ್ಚಿತು!

ಕೆಲವೆಡೆ ಬಿಡಬಹುದಾದ ಸೌಲಭ್ಯವೇ ಇರುವುದಿಲ್ಲ. ಮೂಲಪಠ್ಯವನ್ನು ಪರಿವರ್ತಿಸುವ ‘ಕಂಪೈಲರ್’ ಕೂಡ ಒಂದು ತಂತ್ರಾಂಶವೇ. ಅದನ್ನು ಕಟ್ಟಲು ಇನ್ನೊಂದು ಕಂಪೈಲರ್ ಬೇಕು. ಆಗ ನೆರೆಮನೆಯಿಂದ ಹೆಪ್ಪು ತರುವುದೇ ದಾರಿ. ಜೆಂಟೂವಿನವರು ಸಿದ್ಧ ಕಂಪೈಲರನ್ನೊಳಗೊಂಡ ‘ಸ್ಟೇಜ್ ಮೂರು’ ಎಂಬ ಕಟ್ಟನ್ನು ಕೊಡುತ್ತಾರೆ. ಅದರಿಂದ ಆರಂಭಿಸಿ ಉಳಿದುದನ್ನೆಲ್ಲ ನಾವೇ ಕಟ್ಟಿಕೊಳ್ಳಬಹುದು.

ವಿದ್ಯಾರ್ಥಿ ಮಿತ್ರರೇ, ತೊಡಕು ಎದುರಾದಾಗ ಕೈಚೆಲ್ಲಿ ಕೂರಬಾರದು. ಅತ್ಯವಶ್ಯವಾದುದು ಯಾವುದು, ಸದ್ಯಕ್ಕೆ ಬಿಡಬಹುದಾದುದು ಯಾವುದು ಎಂದು ವಿಂಗಡಿಸಬೇಕು. ಅಲ್ಪದಿಂದ ಆರಂಭಿಸಿ, ಮರಳಿ ಬಂದು ಪೂರ್ತಿಗೊಳಿಸಬೇಕು. ಎರಡನೆಯ ಸಲ ಮರಳಿ ಬರುವುದನ್ನು ಮಾತ್ರ ಮರೆಯಬಾರದು. ಮರೆತರೆ ತೊಟ್ಟಿನ ಮೊಸರೇ ಗತಿ.